ಓಡುವ ಲಾರಿಯ ಮಾಲಿಗೆ ಒಡೆಯನಿಲ್ಲವೇ?



ಒಂದು ಸಂಜೆ ಪರಿಚಯದವನೊಬ್ಬ ನಿಮ್ಮ ಮನೆಯ ಬಾಗಿಲಿಗೆ ಬರುತ್ತಾನೆ ಎಂದು ಭಾವಿಸೋಣ. ಅವನ ಹೆಗಲ ಮೇಲೆ ಅಡುಗೆ ಎಣ್ಣೆಯ ಒಂದು ಡಬ್ಬಿ. ಮೊಹರು ಒಡೆದಿಲ್ಲ, ಕಂಪನಿಯ ಚೀಟಿ ಹಾಗೆಯೇ ಇದೆ. ಅಂಗಡಿಯ ಬೆಲೆಯ ಅರ್ಧಕ್ಕೆ ಕೊಡುತ್ತೇನೆ ಎನ್ನುತ್ತಾನೆ. “ಮಾಲು ಚಲೋ ಅದ ಅಕ್ಕಾ, ತೊಗೋರಿ. ಬಿಲ್ಲು ಮಾತ್ರ ಕೇಳಬ್ಯಾಡ್ರಿ.” ತಿಂಗಳ ಕೊನೆ. ಮನೆಯಲ್ಲಿ ಎಣ್ಣೆ ತಳ ಕಂಡಿದೆ. ಮುಂದಿನ ವಾರ ಮಗಳ ಶಾಲೆಯ ಶುಲ್ಕ ಕಟ್ಟಬೇಕು. ನೀವು ಕದ್ದಿಲ್ಲ, ಯಾರ ಮನೆಯ ಬೀಗವನ್ನೂ ಮುರಿದಿಲ್ಲ. ಹಣ ಕೊಟ್ಟು ಕೊಳ್ಳುತ್ತಿದ್ದೀರಿ. ಹಾಗಾದರೆ ಇದರಲ್ಲಿ ಪಾಪವೆಲ್ಲಿದೆ?

ಇದು ಚಿಕ್ಕ ಪ್ರಶ್ನೆಯೆಂದು ತೋರಬಹುದು. ಆದರೆ ಏಳನೆಯ ಕಟ್ಟಳೆಯ ಪೂರ್ಣ ಭಾರ ಈ ಒಂದು ಎಣ್ಣೆ ಡಬ್ಬಿಯ ಮೇಲೆ ನಿಂತಿದೆ. ಆ ಡಬ್ಬಿ ಎಲ್ಲಿಂದ ಬಂತು, ಯಾರ ಕೈಯಿಂದ ಜಾರಿತು ಎಂದು ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ನಮ್ಮ ಹೆದ್ದಾರಿಗಳು

ಬೀದರ್ ಮೂರು ರಾಜ್ಯಗಳ ಗಡಿಯಲ್ಲಿ ಕುಳಿತ ಜಿಲ್ಲೆ. ಬೀದರ್ ನಗರದಿಂದ ಔರಾದ್ ದಾಟಿದರೆ ರಸ್ತೆ ನಾಂದೇಡ್ ಕಡೆಗೆ ಸಾಗುತ್ತದೆ. ಭಾಲ್ಕಿ ದಾಟಿದರೆ ಉದಗೀರ್, ಲಾತೂರ್. ದಕ್ಷಿಣಕ್ಕೆ ಹುಮನಾಬಾದ್ ತಲುಪಿದರೆ ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ. ಅದು ಹಿಂದೆ 9ನೇ ಸಂಖ್ಯೆಯದು, ಈಗ 65. ಹಗಲು ರಾತ್ರಿಯೆನ್ನದೆ ಲಾರಿಗಳು ಓಡುತ್ತವೆ. ಭಾಲ್ಕಿ, ಔರಾದ್ ಹೊಲಗಳ ಸೋಯಾ, ತೊಗರಿ, ಉದ್ದು ಹೊರಗೆ ಹೋಗುತ್ತದೆ. ಸಾಬೂನು, ಔಷಧಿ, ಬಟ್ಟೆ, ಎಣ್ಣೆ, ಮೊಬೈಲ್ ಒಳಗೆ ಬರುತ್ತದೆ. ನಮ್ಮ ಒಲೆಯ ಮೇಲಿನ ಅನ್ನವೂ ನಮ್ಮ ಮೈಮೇಲಿನ ಅಂಗಿಯೂ ಒಮ್ಮೆ ಯಾವುದೋ ಲಾರಿಯ ತಾಡಪತ್ರಿಯ ಕೆಳಗೆ ಪ್ರಯಾಣ ಮಾಡಿದವುಗಳೇ.

ಓಡುವ ಲಾರಿಯಿಂದ ಮಾಲು ಕದಿಯುವವರು ಕಾಯುವುದು ಲಾರಿ ವೇಗ ಕಳೆದುಕೊಳ್ಳುವ ಜಾಗವನ್ನು: ಏರುದಾರಿ, ರಸ್ತೆಯುಬ್ಬು, ದುರಸ್ತಿ ನಡೆಯುವ ರಸ್ತೆ. ಕತ್ತಲಲ್ಲಿ ಒಬ್ಬ ಹಿಂದಿನಿಂದ ಹತ್ತುತ್ತಾನೆ, ಹಗ್ಗ ಕೊಯ್ಯುತ್ತಾನೆ, ತಾಡಪತ್ರಿ ಸೀಳುತ್ತಾನೆ, ಪೆಟ್ಟಿಗೆಗಳನ್ನು ಕೆಳಗೆ ಉರುಳಿಸುತ್ತಾನೆ. ಹಿಂದೆ ಬರುವ ಜೊತೆಗಾರರು ಆರಿಸಿಕೊಳ್ಳುತ್ತಾರೆ. ಇಂಜಿನ್ನಿನ ಸದ್ದಿನಲ್ಲಿ ಚಾಲಕನಿಗೆ ಏನೂ ಕೇಳಿಸುವುದಿಲ್ಲ. ನೂರಾರು ಕಿಲೋಮೀಟರ್ ಆಚೆ ಮಾಲು ಇಳಿಸುವಾಗಲೇ ಎಣಿಕೆ ಕಡಿಮೆ ಬಂದದ್ದು ಗೊತ್ತಾಗುತ್ತದೆ.

ಇದು ಬಡದೇಶದ ರೋಗ ಮಾತ್ರ ಎಂದು ತಿಳಿಯಬೇಡಿ. 2017ರ ಜುಲೈಯಲ್ಲಿ ಯುರೋಪಿನ ನೆದರ್‌ಲ್ಯಾಂಡ್ಸ್‌ನಲ್ಲಿ ಹೆದ್ದಾರಿಯಲ್ಲಿ ಓಡುತ್ತಿದ್ದ ಲಾರಿಯಿಂದಲೇ ಸುಮಾರು 5 ಲಕ್ಷ ಯೂರೋ ಬೆಲೆಯ ಫೋನುಗಳನ್ನು ಕದ್ದರೆಂಬ ಶಂಕೆಯ ಮೇಲೆ ಅಲ್ಲಿನ ಪೊಲೀಸರು ಐವರನ್ನು ಬಂಧಿಸಿದರು. ಲಾರಿಯ ಬೆನ್ನಿಗೇ ವಾಹನ ಓಡಿಸಿ, ಅದರ ಮುಂಭಾಗದ ಮೇಲಿಂದ ಒಬ್ಬ ಲಾರಿಯೊಳಗೆ ಹತ್ತುವುದು ಇಂಥ ಕಳ್ಳರ ರೀತಿ. ನಮ್ಮ ರಾಜ್ಯದಲ್ಲಿ ಇದು ಹಲವು ಸಲ ಬಲಾತ್ಕಾರದ ದರೋಡೆಯ ರೂಪ ತಾಳಿದೆ. 2021ರ ಆಗಸ್ಟ್‌ನಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ಬಳಿ ಮೊಬೈಲ್ ಫೋನು ತುಂಬಿದ ಕಂಟೇನರ್ ಲಾರಿಯನ್ನು ಅಡ್ಡಗಟ್ಟಿ, ಚಾಲಕನ ಮೇಲೆ ಕೈಮಾಡಿ, ಕೋಟಿಗಟ್ಟಲೆ ರೂಪಾಯಿಯ ಮಾಲನ್ನು ದೋಚಲಾಯಿತು. 2023ರ ಜುಲೈಯಲ್ಲಿ ಟೊಮೆಟೊ ಬೆಲೆ ಕಿಲೋಗೆ ನೂರು ರೂಪಾಯಿ ದಾಟಿದಾಗ, ಹಿರಿಯೂರು ಕಡೆಯಿಂದ ಕೋಲಾರದ ಮಾರುಕಟ್ಟೆಗೆ ಹೊರಟಿದ್ದ ಎರಡು ಟನ್ನಿಗೂ ಹೆಚ್ಚಿನ ಟೊಮೆಟೊವನ್ನು ಬೆಂಗಳೂರಿನಲ್ಲಿ ವಾಹನದ ಸಮೇತ ಅಪಹರಿಸಿದರು. ನಮ್ಮ ಕಾರಿಗೆ ನಿಮ್ಮ ಗಾಡಿ ತಾಗಿತು ಎಂಬ ಸುಳ್ಳು ಜಗಳವೇ ಅದಕ್ಕೆ ನೆಪವಾಗಿತ್ತು.

ಕಂಪನಿಯ ಫೋನೇ ಇರಲಿ, ರೈತನ ಟೊಮೆಟೊವೇ ಇರಲಿ, ಕಳ್ಳನಿಗೆ ಎರಡೂ ಒಂದೇ: ರಸ್ತೆಯ ಮೇಲೆ ಹೋಗುತ್ತಿರುವ ಮಾಲು. ಮನೆಯಲ್ಲಿದ್ದ ವಸ್ತುವಿಗೆ ಒಡೆಯನ ಮುಖವಿದೆ. ರಸ್ತೆಯಲ್ಲಿ ಓಡುವ ವಸ್ತುವಿಗೆ ಮುಖ ಕಾಣುವುದಿಲ್ಲ. ಪಕ್ಕದ ಮನೆಯ ಕೋಳಿಯನ್ನು ಮುಟ್ಟಲು ಹೆದರುವ ಮನುಷ್ಯನೂ ಲಾರಿಯ ಪೆಟ್ಟಿಗೆಯನ್ನು ನೋಡಿ “ಇದು ಕಂಪನಿಯದು, ಅವರಿಗೇನು ಕಡಿಮೆ, ಇನ್ಶೂರೆನ್ಸ್ ಇರುತ್ತದೆ” ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾನೆ. ಕಳ್ಳನಿಗೊಂದು ಪಿಳ್ಳೆ ನೆವ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಬಿಲ್ಟಿಯ ಹಿಂದಿರುವ ಮುಖ

ಹಾಗಾದರೆ ಆ ಮುಖ ಯಾರದು? ಪ್ರತಿಯೊಂದು ಲಾರಿಯ ಜೊತೆ ಬಿಲ್ಟಿ ಇರುತ್ತದೆ. ಎಷ್ಟು ಪೆಟ್ಟಿಗೆ, ಎಷ್ಟು ತೂಕ, ಯಾರಿಂದ ಯಾರಿಗೆ ಎಂದು ಅದರಲ್ಲಿ ಬರೆದಿರುತ್ತದೆ. ಮಾಲು ಇಳಿಸಿಕೊಳ್ಳುವವನು ಎಣಿಸಿ, ಕಡಿಮೆ ಬಂದರೆ ಅದನ್ನೂ ಬರೆದು ಸಹಿ ಹಾಕುತ್ತಾನೆ. 2007ರ ರಸ್ತೆ ಸಾಗಣೆ ಕಾಯಿದೆಯ ಪ್ರಕಾರ ಮಾಲಿನ ನಷ್ಟಕ್ಕೆ ಮಾಲು ಕಳಿಸಿದವನಿಗೆ ಉತ್ತರ ಕೊಡಬೇಕಾದವನು ಸಾಗಣೆದಾರ. ಸಾಗಣೆದಾರ ಅದನ್ನು ಲಾರಿಯ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತಾನೆ. ಲಾರಿಯ ಮಾಲೀಕ ಚಾಲಕನ ಸಂಬಳದಲ್ಲಿ ಮುರಿದುಕೊಳ್ಳುತ್ತಾನೆ. ಎಲ್ಲೆಡೆ ಹೀಗೇ ಆಗುತ್ತದೆಂದಲ್ಲ, ಆದರೆ ಬಹಳ ಕಡೆ ಭಾರ ಹೀಗೆಯೇ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಕೊನೆಗೆ ಬಂದು ನಿಲ್ಲುವುದು ಅತಿ ಕೆಳಗಿದ್ದವನ ಹೆಗಲ ಮೇಲೆ. ನಷ್ಟದ ಜೊತೆಗೆ ಅನುಮಾನವೂ ಅವನ ಪಾಲಿಗೇ. “ನೀನೇ ಮಾರಿಕೊಂಡಿರಬೇಕು” ಎಂಬ ಮಾತು ಅವನು ಕೇಳಬೇಕು. ಪರರಾಜ್ಯದ ಠಾಣೆಯ ಬೆಂಚಿನ ಮೇಲೆ ದಿನವಿಡೀ ಕೂರಬೇಕು.

ನಮ್ಮ ಭಾಗದ ಎಷ್ಟೋ ಮನೆಗಳ ಗಂಡುಮಕ್ಕಳು ಹೈದರಾಬಾದ್, ಪುಣೆ, ಮುಂಬೈ ದಾರಿಯ ಲಾರಿಗಳಲ್ಲಿ ಚಾಲಕರಾಗಿ, ಕ್ಲೀನರ್‌ಗಳಾಗಿ ದುಡಿಯುತ್ತಿದ್ದಾರೆ. ಬೇರೆ ಯಾವುದೋ ಊರಿನಲ್ಲಿ ಅರ್ಧ ಬೆಲೆಗೆ ಸಿಕ್ಕ ಎಣ್ಣೆ ಡಬ್ಬಿಯ ಉಳಿದ ಅರ್ಧ ಬೆಲೆಯನ್ನು ಔರಾದಿನ ಒಬ್ಬ ತಾಯಿಯ ಮಗ ತನ್ನ ಸಂಬಳದಿಂದ ಕಟ್ಟುತ್ತಿರಬಹುದು. ಹಾಗೆಯೇ ನಾವು ಇಲ್ಲಿ ಕೊಂಡ ಡಬ್ಬಿಯ ಬೆಲೆಯನ್ನು ನಾವು ಕಾಣದ ಇನ್ನೊಬ್ಬ ತಾಯಿಯ ಮಗ ಕಟ್ಟುತ್ತಿರಬಹುದು. ಅಗ್ಗದ ಮಾಲು ಎಂಬುದು ಇಲ್ಲ. ಒಬ್ಬನು ಕೊಡದ ಬೆಲೆಯನ್ನು ಇನ್ನೊಬ್ಬನು ಕೊಟ್ಟಿರುತ್ತಾನೆ.

ಇನ್ನೊಂದು ಮುಖವನ್ನೂ ಮರೆಯಬಾರದು. ಅದು ಲಾರಿ ಹತ್ತುವ ಹುಡುಗನದು. ಓಡುವ ವಾಹನದ ಹಿಂಬದಿಗೆ ಜೋತು ಬೀಳಲು ಹಗುರ ಮೈಯ, ಚುರುಕು ಕಾಲಿನ ಎಳೆಯರೇ ಬೇಕು. ಮಾಲು ಮಾರಿ ಹಣ ಎಣಿಸುವವನು ನೆಲದ ಮೇಲೆ ಸುರಕ್ಷಿತವಾಗಿ ನಿಂತಿರುತ್ತಾನೆ. ಕೈ ಜಾರಿದರೆ ಚಕ್ರದ ಕೆಳಗೆ ಹೋಗುವವನು ಮೇಲೆ ಹತ್ತಿದವನು. ಕತ್ತಲ ರಸ್ತೆಗೆ ಉರುಳಿದ ಪೆಟ್ಟಿಗೆಗೆ ಡಿಕ್ಕಿ ಹೊಡೆದು ಬೀಳುವವನು ಕೆಲಸ ಮುಗಿಸಿ ಮನೆಗೆ ಹೊರಟ ಬೈಕ್ ಸವಾರ. ಒಂದು ಪೆಟ್ಟಿಗೆಯ ಕಳವಿನಲ್ಲಿ ಇಷ್ಟೊಂದು ಜೀವಗಳು ತೂಗಾಡುತ್ತಿರುತ್ತವೆ.

ಕಬ್ಬಿನ ಟ್ರ್ಯಾಕ್ಟರ್

“ಇದೆಲ್ಲ ದೊಡ್ಡ ಕಳ್ಳರ ವಿಷಯ, ನಮಗೇಕೆ?” ಎಂದು ನೀವು ಕೇಳಬಹುದು. ಭಾಲ್ಕಿಯ ಸುತ್ತ ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳ ಹಿಂದೆ ಮಕ್ಕಳು ಓಡುವುದನ್ನು ನೋಡದವರಾರು? ಒಬ್ಬನು ಒಂದು ಜಲ್ಲೆ ಎಳೆಯುತ್ತಾನೆ, ಇನ್ನೊಬ್ಬನು ಎರಡು. ದೊಡ್ಡವರು ನೋಡಿ ನಗುತ್ತಾರೆ. ಮಕ್ಕಳ ಆಟ ಎನ್ನುತ್ತಾರೆ.

ಇದನ್ನು ದರೋಡೆಯ ಸಾಲಿಗೆ ಸೇರಿಸುವುದು ಅನ್ಯಾಯ. ಧರ್ಮಸಭೆಯ ನೀತಿಶಾಸ್ತ್ರ ಗುರುತರ ವಿಷಯ ಮತ್ತು ಲಘು ವಿಷಯ ಎಂದು ಭೇದ ಮಾಡುವುದು ಇದಕ್ಕಾಗಿಯೇ. ಆದರೆ ಕಾರ್ಖಾನೆಯ ತೂಕದ ಕಾಟಾದ ಮೇಲೆ ಎಷ್ಟು ಟನ್ ನಿಂತಿತೋ ಅಷ್ಟಕ್ಕೇ ರೈತನಿಗೆ ಹಣ. ಎಳೆದ ಜಲ್ಲೆ ಕಾರ್ಖಾನೆಯದಲ್ಲ, ಹೊಲದವನದು. ಹನಿ ಹನಿ ಗೂಡಿದರೆ ಹಳ್ಳ. ಅದಕ್ಕಿಂತ ಮಿಗಿಲಾಗಿ, ಟ್ರೇಲರಿನ ಚಕ್ರ ಮಗುವನ್ನು ನೋಡಿ ನಿಲ್ಲುವುದಿಲ್ಲ.

ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಎರಡನೆಯ ಭಾಗದಲ್ಲಿ, ಹದಿನಾರರ ವಯಸ್ಸಿನಲ್ಲಿ ಗೆಳೆಯರೊಂದಿಗೆ ಪಕ್ಕದ ತೋಟದ ಪೇರುಹಣ್ಣು ಕದ್ದ ಒಂದು ಪ್ರಸಂಗವನ್ನು ಪುಟಗಟ್ಟಲೆ ಪರಿಶೀಲಿಸುತ್ತಾರೆ. ಮಹಾಜ್ಞಾನಿಯೊಬ್ಬರು ಕೆಲವು ಹಣ್ಣುಗಳಿಗಾಗಿ ಇಷ್ಟು ಮರುಗಬೇಕೇ ಎಂದು ಕೆಲವರಿಗೆ ಆಶ್ಚರ್ಯ. ಆದರೆ ಅವರನ್ನು ಕಾಡಿದ್ದು ಹಣ್ಣಲ್ಲ. ಅವರಿಗೆ ಹಸಿವೂ ಇರಲಿಲ್ಲ, ಆ ಹಣ್ಣು ರುಚಿಯೂ ಇರಲಿಲ್ಲ. ಒಬ್ಬಂಟಿಯಾಗಿದ್ದರೆ ಮಾಡುತ್ತಿರಲಿಲ್ಲ, ಗುಂಪಿನಲ್ಲಿ ಮಾಡಿದೆ ಎಂಬುದು ಅವರ ಶೋಧ. ಮಕ್ಕಳು ಕಬ್ಬಿನ ಹಿಂದೆ ಓಡುವಾಗ ಕಲಿಯುವ ಪಾಠ ಅದೇ: ಎಲ್ಲರೂ ಮಾಡಿದರೆ ಅದು ಕಳವಲ್ಲ, ಒಡೆಯ ಕಾಣದಿದ್ದರೆ ಒಡೆಯನಿಲ್ಲ. ಮಗುವಿಗೆ ಹೊಡೆಯಬೇಕಾಗಿಲ್ಲ. “ಈ ಕಬ್ಬಿಗೆ ನೀರು ಹಾಯಿಸಿದವರು ಯಾರು?” ಎಂದು ಒಮ್ಮೆ ಕೇಳಿದರೆ ಸಾಕು, ಕಾಣದ ಮುಖ ಅವನಿಗೆ ಕಾಣತೊಡಗುತ್ತದೆ. ಬಸವಕಲ್ಯಾಣ ನಮ್ಮದೇ ಜಿಲ್ಲೆಯಲ್ಲಿದೆ. ಅಲ್ಲಿ ನೆಲೆಸಿದ್ದ ಬಸವಣ್ಣನವರು ಮನುಷ್ಯನ ಒಳಗಿನ ಮತ್ತು ಹೊರಗಿನ ಶುದ್ಧಿಯನ್ನು ಹೇಳುವ ತಮ್ಮ ಹೆಸರಾಂತ ವಚನವನ್ನು ಕಳವಿನ ನಿಷೇಧದಿಂದಲೇ ಆರಂಭಿಸಿದ್ದು ಈ ನಾಡಿನ ಪ್ರತಿ ಮಗುವಿಗೂ ಗೊತ್ತು.

ಉರುಳಿದ ಲಾರಿಯ ಸುತ್ತ

ಹೆದ್ದಾರಿಯ ಇನ್ನೊಂದು ನೋಟವಿದೆ. ಲಾರಿ ಉರುಳಿ ಬೀಳುತ್ತದೆ. ಎಣ್ಣೆಯೋ, ಮೀನೋ, ತರಕಾರಿಯೋ ರಸ್ತೆಗೆ ಚೆಲ್ಲುತ್ತದೆ. ಹತ್ತು ನಿಮಿಷದಲ್ಲಿ ಕೊಡ, ಬಕೆಟ್, ಚೀಲ ಹಿಡಿದ ಜನ ಸೇರುತ್ತಾರೆ. ಬಿದ್ದ ಮಾಲು ಯಾರದ್ದೂ ಅಲ್ಲ ಎಂಬುದು ಅವರ ನ್ಯಾಯ. ಚಾಲಕ ಇನ್ನೂ ಕ್ಯಾಬಿನ್ನಿನಲ್ಲಿ ಸಿಕ್ಕಿಕೊಂಡಿರುತ್ತಾನೆ.

ಸಂತ ಲೂಕನ ಶುಭಸಂದೇಶದಲ್ಲಿ ಪ್ರಭು ಯೇಸು ಹೇಳಿದ ದಯಾಳು ಸಮಾರಿಯದವನ ಸಾಮತಿ ಒಂದು ಹೆದ್ದಾರಿಯ ಕತೆಯೇ. ಜೆರುಸಲೇಮಿನಿಂದ ಜೆರಿಕೋಗೆ ಹೋಗುವ ಆ ದಾರಿ ಸುಮಾರು ಸಾವಿರ ಮೀಟರ್ ಇಳಿಯುವ ನಿರ್ಜನ ಘಟ್ಟದ ದಾರಿ, ಕಳ್ಳರಿಗೆ ಹೇಳಿ ಮಾಡಿಸಿದ ಜಾಗ. ಆ ಸಾಮತಿಯಲ್ಲಿ ದೋಚಿದವರಿದ್ದಾರೆ, ನೋಡಿ ಪಕ್ಕಕ್ಕೆ ಸರಿದ ಯಾಜಕ ಮತ್ತು ಲೇವಿಯನಿದ್ದಾರೆ, ನಿಂತು ನೆರವಾದ ಸಮಾರಿಯದವನಿದ್ದಾನೆ. ಗಾಯಗೊಂಡವನ ಪಕ್ಕದಲ್ಲೇ ಬಗ್ಗಿ ಅವನ ಗಂಟನ್ನು ಆರಿಸಿಕೊಂಡು ಹೋದವರು ಆ ಕತೆಯಲ್ಲಿ ಇಲ್ಲ. ಅವರನ್ನು ನಮ್ಮ ಕಾಲ ಸೇರಿಸಿತು. ಆ ಯಾಜಕ ಕನಿಷ್ಠ ಬರಿಗೈಯಲ್ಲಾದರೂ ಹೋದ.

ಅಪಘಾತದಲ್ಲಿ ನೆರವಾದರೆ ಪೊಲೀಸರ ಕಾಟ ಎಂಬ ಹೆದರಿಕೆ ಹಿಂದೆ ಇತ್ತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ 134ಎ ಎಂಬ ಕಲಮನ್ನು ಸೇರಿಸಿ, ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಟ್ಟಿದೆ. ಕಾನೂನು ಅವರನ್ನು ಕರೆಯುವುದೇ ಆ ಸಮಾರಿಯದವನ ಹೆಸರಿನಿಂದ. ಆದುದರಿಂದ ಲಾರಿ ಉರುಳಿದಾಗ ಕ್ರೈಸ್ತನ ಕೈ ಮೊದಲು ಮುಟ್ಟಬೇಕಾದದ್ದು ಕ್ಯಾಬಿನ್ನಿನ ಬಾಗಿಲನ್ನು.

ಹಸಿದವನು ತೆಗೆದುಕೊಂಡರೆ?

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ. ಬಡವನಿಗೆ ಬೇರೆ ದಾರಿ ಇಲ್ಲದಿದ್ದರೆ? ಧರ್ಮಸಭೆ ಈ ಪ್ರಶ್ನೆಯಿಂದ ಎಂದೂ ಮುಖ ತಿರುಗಿಸಿಲ್ಲ. ಸಂತ ತೋಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲೇ, ಪ್ರಾಣಕ್ಕೆ ಸಂಚಕಾರ ಬಂದ ಕೊರತೆಯಲ್ಲಿ ಬೇರಾವ ಉಪಾಯವೂ ಇಲ್ಲದವನು ಇತರರ ವಸ್ತುವಿನಿಂದ ತನ್ನ ಕೊರತೆ ನೀಗಿಸಿಕೊಂಡರೆ ಅದು ನಿಜಾರ್ಥದಲ್ಲಿ ಕಳವಲ್ಲ ಎಂದು ವಾದಿಸಿದರು. ಭೂಮಿಯ ಸಂಪತ್ತು ಮೂಲತಃ ಎಲ್ಲ ಮಾನವರ ಪೋಷಣೆಗಾಗಿ ಎಂಬುದು ಅವರ ಆಧಾರ. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯೂ 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ ಇದೇ ಬೋಧನೆಯನ್ನು ಎತ್ತಿಹಿಡಿದವು. 1972ರ ಬರಗಾಲವನ್ನು ಕಂಡ ನಮ್ಮ ಭಾಗದ ಹಿರಿಯರಿಗೆ ಇದು ಪುಸ್ತಕದ ಮಾತಲ್ಲ. ಆ ವರ್ಷ ಹಸಿದ ತಾಯಿಯೊಬ್ಬಳು ಹರಿದ ಚೀಲದಿಂದ ಒಂದು ಹಿಡಿ ಜೋಳ ತೆಗೆದುಕೊಂಡಿದ್ದರೆ, ಆಕೆಯನ್ನು ಕಳ್ಳಿಯೆಂದು ಕರೆಯುವ ಅಧಿಕಾರ ಯಾರಿಗೂ ಇಲ್ಲ.

ಆದರೆ ಈ ಬೋಧನೆಯನ್ನು ತಾಡಪತ್ರಿಯಂತೆ ಎಲ್ಲದರ ಮೇಲೂ ಹೊದಿಸಲಾಗದು. ಕೊರತೆ ತೀವ್ರವಾಗಿರಬೇಕು, ಎದ್ದು ಕಾಣುವಂತಿರಬೇಕು. ಬೇರೆ ದಾರಿ ಇರಬಾರದು. ತೆಗೆದುಕೊಂಡದ್ದು ಆ ಕೊರತೆಗೇ ಬಳಕೆಯಾಗಬೇಕು. ಎದುರಿನವನೂ ಅಷ್ಟೇ ಕೊರತೆಯಲ್ಲಿರಬಾರದು. ಮಾರುವುದಕ್ಕಾಗಿ ತೆಗೆದ ಹತ್ತು ಪೆಟ್ಟಿಗೆ ಮೊಬೈಲು ಇದರ ನೆರಳಿಗೆ ಬರುವುದಿಲ್ಲ. ಅರ್ಧ ಬೆಲೆಗೆ ಕೊಂಡು ಉಳಿತಾಯ ಮಾಡಿದವನಂತೂ ಬರುವುದೇ ಇಲ್ಲ. ಇನ್ನೊಂದು ಕಡೆ, ಈ ಬೋಧನೆ ಉಳ್ಳವರನ್ನೂ ಕೇಳುತ್ತದೆ: ದಿನವೂ ಮಾಲು ತುಂಬಿದ ಲಾರಿಗಳು ಹಾದುಹೋಗುವ ರಸ್ತೆಯ ಬದಿಯಲ್ಲಿ ಕೆಲಸವಿಲ್ಲದ ಹುಡುಗರು ಕುಳಿತಿದ್ದರೆ, ಅವರಿಗೆ ದುಡಿಮೆ ಕಲಿಸುವ ಹೊಣೆ ಯಾರದು? ಸಂತ ಪೌಲರು ಎಫೆಸದವರಿಗೆ ಬರೆದ ಪತ್ರದಲ್ಲಿ ಕಳ್ಳನಿಗೆ ಕದಿಯಬೇಡ ಎಂದಷ್ಟೇ ಹೇಳಿ ನಿಲ್ಲಿಸಲಿಲ್ಲ. ತನ್ನ ಕೈಯಿಂದ ದುಡಿದು ಕೊರತೆಯಲ್ಲಿರುವವರಿಗೆ ಕೊಡುವವನಾಗಲಿ ಎಂದು ಹಾರೈಸಿದರು.

ಒಂದು ಕಳವಿಗೆ ಎಷ್ಟು ಕೈ?

ಈಗ ಎಣ್ಣೆ ಡಬ್ಬಿಗೆ ಮರಳೋಣ. ಕಳವಿನಲ್ಲಿ ಪಾಲುಗಾರರಾಗುವ ಒಂಬತ್ತು ಬಗೆಗಳನ್ನು ಅಕ್ವಿನಾಸರು ಚರ್ಚಿಸುತ್ತಾರೆ: ಆಜ್ಞೆ ಮಾಡಿದವನು, ಸಲಹೆ ಕೊಟ್ಟವನು, ಒಪ್ಪಿದವನು, ಹೊಗಳಿ ಉಬ್ಬಿಸಿದವನು, ಆಸರೆ ಕೊಟ್ಟು ಅಡಗಿಸಿದವನು, ಪಾಲು ಪಡೆದವನು, ಬಾಯಿ ಮುಚ್ಚಿಕೊಂಡವನು, ತಡೆಯದವನು, ತಿಳಿದೂ ತಿಳಿಸದವನು. ಎಲ್ಲರ ಹೊಣೆಯೂ ಒಂದೇ ತೂಕದ್ದಲ್ಲ ಎಂದೂ ಅವರು ಸ್ಪಷ್ಟಪಡಿಸುತ್ತಾರೆ. ಆದರೆ ಆಸರೆ ಕೊಟ್ಟವನನ್ನೂ ಪಾಲು ಪಡೆದವನನ್ನೂ ಅವರು ಬಿಟ್ಟುಕೊಡುವುದಿಲ್ಲ. ಕೊಳ್ಳುವವನಿಲ್ಲದಿದ್ದರೆ ಕದಿಯುವವನು ನೂರು ಸಾಬೂನು ಪೆಟ್ಟಿಗೆಯನ್ನು ಏನು ಮಾಡಿಯಾನು? ರಾತ್ರಿ ತಾಡಪತ್ರಿ ಸೀಳುವ ಚಾಕುವನ್ನು ಹಗಲಿನಲ್ಲಿ ಹರಿತ ಮಾಡುವವರು ಬಿಲ್ಲು ಕೇಳದೆ ಕೊಳ್ಳುವ ಗಿರಾಕಿಗಳು, ಅವರಿಗೆ ಮಾರುವ ಅಂಗಡಿಯವರು.

ನಾಡಿನ ಕಾನೂನೂ ಹೀಗೆಯೇ ನೋಡುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಮು ಸಾಗಣೆ ವಾಹನದಿಂದ ಮಾಲು ಕದ್ದವನಿಗೆ ಏಳು ವರ್ಷದವರೆಗೆ ಸೆರೆವಾಸ ಹೇಳುತ್ತದೆ. ಕದ್ದ ಮಾಲೆಂದು ತಿಳಿದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ, ಅಪ್ರಾಮಾಣಿಕವಾಗಿ ತೆಗೆದುಕೊಂಡವನಿಗೆ 317ನೇ ಕಲಮು ಮೂರು ವರ್ಷದವರೆಗೆ. “ನನಗೆ ಗೊತ್ತಿರಲಿಲ್ಲ” ಎಂಬ ಮಾತು ಅರ್ಧ ಬೆಲೆಯ ಮುಂದೆ, ಬಿಲ್ಲಿಲ್ಲದ ಡಬ್ಬಿಯ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಗೊತ್ತಾಗಬಾರದೆಂದು ಕೇಳದೆ ಇದ್ದವನ ಅಜ್ಞಾನವನ್ನು ದೇವರೂ ಮನ್ನಿಸಬೇಕಾಗಿಲ್ಲ.

ಹಿಂದಿರುಗಿಸುವುದು

ಕೊನೆಯ ಮಾತು ಅತಿ ಕಷ್ಟದ್ದು. ಸುಳ್ಳು ಹೇಳಿದವನು ಪಶ್ಚಾತ್ತಾಪಪಟ್ಟು ಪಾಪನಿವೇದನೆ ಮಾಡಬಹುದು. ಕದ್ದವನಿಗೆ ಅದರ ಮೇಲೆ ಇನ್ನೊಂದು ಹೆಜ್ಜೆಯಿದೆ: ಮರಳಿ ಕೊಡುವುದು. ಮೋಶೆಯ ಧರ್ಮಶಾಸ್ತ್ರ ಕದ್ದು ಮಾರಿದ ಒಂದು ಕುರಿಗೆ ನಾಲ್ಕು ಕುರಿ ಕೊಡಿಸಿತು. ಮೋಸದಿಂದ ಯಾರಿಂದಲಾದರೂ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುವೆನೆಂದು ಜಕ್ಕಾಯ ಎದ್ದು ನಿಂತು ಹೇಳಿದ ಮೇಲೆಯೇ, ಈ ಮನೆಗೆ ಇಂದು ಉದ್ಧಾರ ಬಂತೆಂದು ಪ್ರಭು ಸಾರಿದ್ದು. ವಸ್ತುವನ್ನು ಕೈಯಲ್ಲಿ ಹಿಡಿದುಕೊಂಡೇ ಕ್ಷಮೆ ಕೇಳುವುದು ಪಶ್ಚಾತ್ತಾಪವಲ್ಲ.

ಒಡೆಯ ಯಾರೆಂದು ಗೊತ್ತಿದ್ದರೆ ಅವನಿಗೆ ಮುಟ್ಟಿಸಬೇಕು. ಹೆಸರು ಹೇಳಲು ಹೆದರಿಕೆಯಾದರೆ ಪಾಪನಿವೇದನೆ ಕೇಳುವ ಗುರುಗಳ ಮೂಲಕ ಗುಟ್ಟಾಗಿ ಮುಟ್ಟಿಸಬಹುದು. ಅವರು ಆ ಗುಟ್ಟನ್ನು ಪ್ರಾಣ ಹೋದರೂ ಬಿಡುವುದಿಲ್ಲ. ಎಷ್ಟು ಹುಡುಕಿದರೂ ಒಡೆಯ ಸಿಗದಿದ್ದರೆ ಆ ಬೆಲೆ ಬಡವರಿಗೆ ಸೇರಬೇಕು ಎಂಬುದು ಧರ್ಮಸಭೆಯ ಹಳೆಯ ನಿಯಮ. ಒಮ್ಮೆಲೇ ಆಗದಿದ್ದರೆ ಕಂತಿನಲ್ಲಿ ತೀರಿಸಲಿ. ಆದರೆ ನಮ್ಮಲ್ಲಿ ಉಳಿಯಬಾರದು.

ತಂದೆತಾಯಂದಿರೇ, ಮಗ ಹೊಸ ಫೋನು ತಂದರೆ ಹಣ ಎಲ್ಲಿಂದ, ಬಿಲ್ಲು ಎಲ್ಲಿ ಎಂದು ಪ್ರೀತಿಯಿಂದಲೇ ಕೇಳಿ. ಅಂಗಡಿ ಇಟ್ಟವರೇ, ಬಿಲ್ಟಿಯಿಲ್ಲದ ಮಾಲನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿ. ಮನೆಯ ಯಜಮಾನಿಯರೇ, ಬೆಲೆ ಅರ್ಧವಾದಾಗ ಉಳಿದರ್ಧ ಯಾರು ಕೊಟ್ಟರು ಎಂದು ಒಂದು ಗಳಿಗೆ ಯೋಚಿಸಿ. ದಿನವೂ ಪರಲೋಕ ಮಂತ್ರದಲ್ಲಿ ನಾವು ಅಂದಂದಿನ ಆಹಾರವನ್ನು ಬೇಡುತ್ತೇವೆ. ಅದನ್ನು ನನಗೆ ಮಾತ್ರ ಎಂದು ಬೇಡುವುದಿಲ್ಲ, ನಮಗೆ ಎಂದು ಬೇಡುತ್ತೇವೆ. ಈ ರಾತ್ರಿ ಔರಾದ್ ರಸ್ತೆಯಲ್ಲಿ ನಿದ್ದೆಗಣ್ಣು ಉಜ್ಜಿಕೊಳ್ಳುತ್ತ ಲಾರಿ ನಡೆಸುತ್ತಿರುವ ಆ ಅಪರಿಚಿತನೂ ಆ ‘ನಮಗೆ’ ಎಂಬ ಮಾತಿನೊಳಗೆ ಇದ್ದಾನೆ.